ಮೊಣಕಾಲೆತ್ತರದ ಗಾಡಿ

ಎದುರುಮನೆಯ ಔಷಧಿ ಅಂಗಡಿಯವರ ಸ್ಕೂಟರು ಚಳಿಗಾಲದಲ್ಲಿ ಸುಲಭಕ್ಕೆ ಏಳುವುದಿಲ್ಲ. ಅವರು ಒದೆಯುತ್ತಾರೆ, ಅದು ಕೆಮ್ಮುತ್ತದೆ. ಮತ್ತೆ ಒದೆಯುತ್ತಾರೆ, ಮತ್ತೆ ಕೆಮ್ಮುತ್ತದೆ. ಒಳಗೆ ಕಾಫಿ ಲೋಟ ಹಿಡಿದು ಕುಳಿತ ನನಗೆ ಸ್ವಲ್ಪ ಹೊತ್ತು ತಾಳ್ಮೆ ಇರುತ್ತದೆ, ಆಮೇಲೆ ಇರುವುದಿಲ್ಲ. ನೈಟಿಯ ಮೇಲೊಂದು ಶಾಲು ಹೊದ್ದು ಗೇಟಿನ ತನಕ ಹೋಗಿ, ಪೆಟ್ರೋಲು ಜಾಸ್ತಿ ಕುಡಿದಿದೆ, ಪ್ಲಗ್ ಬಿಚ್ಚಿ ಒರೆಸಿ ಎಂದು ಹೇಳಿಬಿಡುತ್ತೇನೆ. ಹೇಳಿ ಸುಮ್ಮನಾದರೂ ಇದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಪ್ಲಗ್ ಸ್ಪ್ಯಾನರು ನಮ್ಮ ಮನೆಯಲ್ಲಿ ಸೌಟು ಸಟ್ಟುಗಗಳ ಜೊತೆಯಲ್ಲೇ ಇರುವುದರಿಂದ ಅದನ್ನೂ ಹಿಡಿದುಕೊಂಡೇ ಹೋಗಿರುತ್ತೇನೆ.

ಮೊನ್ನೆ ಅವರು ಕೇಳಿಯೇ ಬಿಟ್ಟರು: ಪ್ರೈಮರಿ ಶಾಲೆಯಲ್ಲಿ ಅ ಆ ಇ ಈ ಹೇಳಿಕೊಟ್ಟು ರಿಟೈರಾದ ಟೀಚರಿಗೆ ಇದೆಲ್ಲ ಹೇಗೆ ಗೊತ್ತು ಅಂತ. ಹಿಂದೆ ನಾವೇ ಒಂದು ಗಾಡಿ ಮಾಡಿದ್ದೆವು ಎಂದೆ. ಮಕ್ಕಳಾಟದ ಗಾಡಿ ಇರಬೇಕೆಂದುಕೊಂಡು ಅವರು ಗೌರವದಿಂದ ತಲೆಯಾಡಿಸಿದರು. ಆ ಗೌರವ ನನಗೆ ಹಿಡಿಸಲಿಲ್ಲ. ಆದ್ದರಿಂದ ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಬಿ.ಎಸ್ಸಿ. ಮುಗಿಸಿ, ಟೀಚರ್ ಟ್ರೈನಿಂಗೂ ಮುಗಿಸಿ, ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನಮ್ಮೂರು ಮಂಚೇನಹಳ್ಳಿಯ ಪಕ್ಕ, ಕೆಲಸ ಸಿಕ್ಕಿದ್ದು ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ದಾರಿಯಲ್ಲಿ, ಒಳಗಿನ ಒಂದು ಹಳ್ಳಿಯಲ್ಲಿ. ಶಿಡ್ಲಘಟ್ಟದಲ್ಲಿ ನಮ್ಮ ಚಿಕ್ಕಮ್ಮ ಒಬ್ಬರೇ ಇದ್ದರು, ಅವರ ಮನೆಯಲ್ಲಿ ಉಳಿದೆ. ಬೆಳಗಿನ ಬಸ್ಸು ನನ್ನನ್ನು ಕ್ರಾಸಿನಲ್ಲಿ ಇಳಿಸುತ್ತಿತ್ತು, ಅಲ್ಲಿಂದ ಶಾಲೆಗೆ ನಡಿಗೆ. ಬಸ್ಸಿಗೆ ಮನಸ್ಸು ಬಂದ ದಿನ ನಿಲ್ಲುತ್ತಿತ್ತು, ಇಲ್ಲದ ದಿನ ರೇಷ್ಮೆಗೂಡಿನ ಮೂಟೆಗಳನ್ನೂ ಅವುಗಳ ಒಡೆಯರನ್ನೂ ತುಂಬಿಕೊಂಡು ಹಾಗೇ ಹೋಗುತ್ತಿತ್ತು. ಹೆಡ್ಮಾಸ್ತರು ಬೇಸಿಗೆ ರಜೆಗೆ ಮುಂಚೆ ನನ್ನನ್ನು ಕರೆದು, ಜೂನಿನಿಂದಲೂ ಹೀಗೇ ತಡವಾದರೆ ಮೇಲಿನವರಿಗೆ ಬರೆಯಬೇಕಾಗುತ್ತದೆ ಎಂದಿದ್ದರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಹಾಗಾದರೆ ಸೈಕಲ್ಲೋ ಮೊಪೆಡ್ಡೋ ತಗೋಬಹುದಿತ್ತಲ್ಲ ಅನ್ನುತ್ತೀರಿ. ನೀವು ನನ್ನನ್ನು ನೋಡಿಲ್ಲ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೂ ಮೊದಲು ನಿಂತವಳು ನಾನು. ನನ್ನ ಮುಂದೆ ಧ್ವಜಸ್ತಂಭ ಮಾತ್ರ ಇರುತ್ತಿತ್ತು. ಅಮ್ಮ ಪ್ರತಿ ಯುಗಾದಿಗೆ ಬಾಗಿಲ ಚೌಕಟ್ಟಿಗೆ ನನ್ನನ್ನು ನಿಲ್ಲಿಸಿ ಇದ್ದಿಲಲ್ಲಿ ಗೆರೆ ಎಳೆಯುತ್ತಿದ್ದರು. ಕೊನೆಕೊನೆಗೆ ಹೊಸ ಗೆರೆ ಹಳೆಯದರ ಮೇಲೇ ಬೀಳತೊಡಗಿದಾಗ, ಇದ್ದಿಲು ಸರಿಯಿಲ್ಲ ಎಂದು ಸಮಾಧಾನ ಹೇಳಿದರು. ಯಾವ ಸೈಕಲ್ಲಿನಲ್ಲಿ ಕೂತರೂ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬಾಡಿಗೆ ಸೈಕಲ್ಲಿನವನು ನನ್ನನ್ನು ಕಂಡರೆ ಅಂಗಡಿ ಬಾಗಿಲು ಎಳೆಯುತ್ತಿದ್ದ.

ಚಿಕ್ಕಮ್ಮನ ಮನೆಯ ಪಕ್ಕದಲ್ಲೇ ರಹಮತ್ ಸಾಹೇಬರ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಕಾರ್ಖಾನೆ ಎಂದರೆ ಉದ್ದನೆಯ ಹೆಂಚಿನ ಶೆಡ್ಡು, ಒಳಗೆ ಬಿಸಿನೀರಿನ ತೊಟ್ಟಿಗಳ ಸಾಲು, ತೊಟ್ಟಿಗಳಲ್ಲಿ ಬೆಂದ ಗೂಡು, ಎದುರಿಗೆ ಕೂತು ನೂಲಿನ ಎಳೆ ಹಿಡಿಯುವ ಹೆಂಗಸರು, ಅವರ ಎದುರಿನಲ್ಲಿ ಒಂದೇ ಉದ್ದನೆಯ ಕಬ್ಬಿಣದ ಕಂಬಿಗೆ ಸೇರಿ ಒಟ್ಟಿಗೇ ತಿರುಗುವ ರಾಟೆಗಳು. ಕಂಬಿಯನ್ನು ತಿರುಗಿಸಲು ಕರೆಂಟಿನ ಮೋಟರು. ಬೆಂದ ಹುಳುವಿನ ವಾಸನೆ ನಮ್ಮ ಮನೆಯ ಸಾರಿನಲ್ಲೂ ಇರುತ್ತಿತ್ತು. ಒಂದು ವಾರ ಮೂಗು ಮುಚ್ಚಿಕೊಂಡೆ, ಆಮೇಲೆ ಊರಿಗೆ ಹೋದಾಗ ಸಾರು ಸಪ್ಪೆ ಅನ್ನಿಸತೊಡಗಿತು.

ಸಾಹೇಬರ ಕಿರಿಯ ಮಗಳು ನಸೀಮಾ. ನನಗಿಂತ ಚಿಕ್ಕವಳು, ನನಗಿಂತ ಒಂದು ಮೊಳ ಎತ್ತರ. ಪಿಯುಸಿ ಆದ ಮೇಲೆ ಮನೆಯಲ್ಲೇ ಇದ್ದಳು. ಮನೆಯಲ್ಲಿ ಎಂದರೆ ಕಾರ್ಖಾನೆಯಲ್ಲಿ. ನೂಲು ದಪ್ಪವಾಯಿತೋ ತೆಳ್ಳಗಾಯಿತೋ, ಯಾವ ರಾಟೆ ಜೋರಾಯಿತೋ, ಅತ್ತ ತಿರುಗಿ ಕೂತಿದ್ದರೂ ಅವಳಿಗೆ ತಿಳಿಯುತ್ತಿತ್ತು. ಅವಳ ಅಣ್ಣ ಸೌದಿಗೆ ಹೋಗುವಾಗ ಬಿಟ್ಟುಹೋದ ಮೊಪೆಡ್ಡೊಂದು ಹಿತ್ತಲಲ್ಲಿ ಕೋಳಿಗೂಡಿಗೆ ಒರಗಿ ತುಕ್ಕು ಹಿಡಿಯುತ್ತಿತ್ತು. ಚಕ್ರ ಸೊಟ್ಟ, ಫ್ರೇಮು ಮುರಿದಿದೆ, ಇಂಜಿನ್ನು ಮಾತ್ರ ಗಟ್ಟಿ. ಏಪ್ರಿಲ್ಲಿನ ಒಂದು ಸಂಜೆ ಅದನ್ನು ನೋಡುತ್ತಾ, ಇದರ ಇಂಜಿನ್ನಿಗೆ ಪುಟ್ಟ ಚಕ್ರ ಹಾಕಿದರೆ ನನ್ನ ಕಾಲು ನೆಲಕ್ಕೆ ತಾಗುತ್ತದಲ್ಲವೇ ಎಂದೆ. ತಮಾಷೆಗೆ ಅಂದಿದ್ದು. ನಸೀಮಾ ತಮಾಷೆಗೆ ತಗೊಳ್ಳಲಿಲ್ಲ.

"ಮಾಡಣ ಅಕ್ಕಾ," ಅಂದಳು. "ಮಾಡಿದ್ರೆ ನಂಗೂ ಓಡ್ಸೋಕೆ ಕೊಡ್ತೀರಾ?"

ಕೊಡುತ್ತೇನೆ ಎಂದೆ. ಅಷ್ಟೇ ನಮ್ಮ ಯೋಜನೆ.

ನಮ್ಮ ಅನುಭವವನ್ನೂ ಹೇಳಿಬಿಡುತ್ತೇನೆ. ಅವಳಿಗೆ ರಾಟೆಯ ಬೆಲ್ಟು ಹಾಕುವುದು ಗೊತ್ತು. ನನಗೆ ಸೀಮೆಎಣ್ಣೆ ಪಂಪ್ ಸ್ಟೌವಿನ ತೂತಿಗೆ ಪಿನ್ನು ಹಾಕುವುದು ಗೊತ್ತು. ನೀವು ನಗಬಹುದು, ಆದರೆ ಕಾರ್ಬುರೇಟರಿನ ಒಳಗಿರುವ ತೂತಿಗೂ ಅದೇ ಪಿನ್ನು ಸಾಕು. ಅದನ್ನು ಕಂಡ ದಿನ ನನಗಾದ ಖುಷಿ ಡಿಗ್ರಿ ಬಂದ ದಿನ ಆಗಿರಲಿಲ್ಲ. ಇಂಜಿನ್ನಿನ ತಲೆ ಬಿಚ್ಚಿ, ಮಸಿ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಬೋಲ್ಟುಗಳನ್ನು ಚಿಕ್ಕಮ್ಮನ ಇಡ್ಲಿ ತಟ್ಟೆಯ ಗುಳಿಗಳಲ್ಲಿ ವರಸೆಯಾಗಿ ಇಟ್ಟೆವು. ಚಿಕ್ಕಮ್ಮ ಆಂಧ್ರದ ಗಡಿಯ ಕಡೆಯವರು, ಸಿಟ್ಟು ಬಂದರೆ ತೆಲುಗಿಗೆ ಹೋಗುತ್ತಿದ್ದರು. ಆ ದಿನ ಇಡೀ ತೆಲುಗಿನಲ್ಲೇ ಇದ್ದರು.

ಕಡಿಮೆ ಖರ್ಚಿನಲ್ಲಿ ಆಗಬೇಕಾದ್ದರಿಂದ ಯಾವುದನ್ನೂ ಹೊಸದಾಗಿ ಕೊಳ್ಳಲಿಲ್ಲ. ಫ್ರೇಮಿಗೆ ಚಿಕ್ಕಮ್ಮನ ಅಟ್ಟದ ಮೇಲಿದ್ದ ಕಬ್ಬಿಣದ ಮಂಚದ ಪೈಪು. ಚಕ್ರಗಳು ಚಿಂತಾಮಣಿಯ ಗುಜರಿಯಲ್ಲಿ ಸಿಕ್ಕ ಹಳೇ ಸ್ಕೂಟರಿನವು. ಅವನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆವು. ಕಂಡಕ್ಟರು ಚಕ್ರಕ್ಕೂ ಟಿಕೆಟ್ಟು ಕೊಡಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ ಕೊನೆಗೆ ಬೇಡವೆಂದರು. ಅಳತೆ ತೆಗೆದದ್ದು ಶೆಡ್ಡಿನ ನೆಲದ ಮೇಲೆ. ನಾನು ಮಣೆಯ ಮೇಲೆ ಕೂತು ಇಲ್ಲದ ಹ್ಯಾಂಡಲ್ಲು ಹಿಡಿದೆ, ನಸೀಮಾ ನನ್ನ ಸುತ್ತ ಸೀಮೆಸುಣ್ಣದಲ್ಲಿ ಗಾಡಿ ಬರೆದಳು. ಕಿಟಕಿ ಗ್ರಿಲ್ಲು ಮಾಡುವ ವೆಲ್ಡಿಂಗಿನವರು ಆ ಅಳತೆಗೇ ಬೆಸೆದುಕೊಟ್ಟರು. ತಂದು ಕೂತು ನೋಡಿದರೆ ಹ್ಯಾಂಡಲ್ಲು ತಿರುಗಿಸಿದಾಗಲೆಲ್ಲ ಮೊಣಕಾಲಿಗೆ ಹೊಡೆಯುತ್ತದೆ. ಮಣೆಯ ಮೇಲೆ ಕೂತವಳು ನೇರ ಹೋಗುವುದನ್ನು ಮಾತ್ರ ಯೋಚಿಸಿದ್ದೆ. ಮತ್ತೆ ಕತ್ತರಿಸಿ ಮತ್ತೆ ಬೆಸೆಸಿದೆವು. ಆಮೇಲೆ ಚೈನು ಬಿದ್ದುಹೋಗತೊಡಗಿತು, ಇಂಜಿನ್ನಿನ ಹಲ್ಲುಚಕ್ರಕ್ಕೂ ಹಿಂದಿನ ಹಲ್ಲುಚಕ್ರಕ್ಕೂ ನೇರವಿಲ್ಲ. ವಾಷರು ಸೇರಿಸುತ್ತಾ ತೆಗೆಯುತ್ತಾ ಮೇ ತಿಂಗಳು ಅರ್ಧ ಕಳೆಯಿತು. ಸೀಟು ಇಬ್ಬರು ಕೂರುವಷ್ಟು ಉದ್ದ ಬಂದದ್ದೂ ಯೋಚಿಸಿ ಮಾಡಿದ್ದಲ್ಲ, ಮಂಚದ ಪೈಪು ಅಷ್ಟು ಉದ್ದವಿತ್ತು.

ಲೈಸೆನ್ಸು, ನಂಬರು ಅಂತ ಮಾತ್ರ ಕೇಳಬೇಡಿ. ಮೊಪೆಡ್ಡಿನ ಹಳೇ ನಂಬರಿನ ತಗಡನ್ನೇ ಹಿಂದಕ್ಕೆ ಕಟ್ಟಿದ್ದೆವು, ಅದು ಚಕ್ರಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು.

ರಹಮತ್ ಸಾಹೇಬರು ಇದನ್ನೆಲ್ಲ ನೋಡುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಎತ್ತರದ ಆಳು, ಬಿಳಿ ಜುಬ್ಬಾ, ಮಿತವಾದ ಮಾತು. ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಅವರು ಕಣ್ಣು ಮಿಟುಕಿಸಿದರೆ ಸಾಕು, ಬೆಲೆ ಏರುತ್ತದೆ ಅನ್ನುತ್ತಿದ್ದರು. ಮಗಳು ಶೆಡ್ಡಿನೊಳಗೆ ಕೈ ಮಸಿ ಮಾಡಿಕೊಳ್ಳುವುದು ಅವರಿಗೆ ಆಟ. ಗಾಡಿ ಒಂದು ದಿನ ಓಡುತ್ತದೆ ಎಂದು ಅವರು ನಂಬಿರಲಿಲ್ಲ.

ಓಡಿತು. ಗಾಡಿಗೆ ಪೆಡಲೂ ಇಲ್ಲ, ಒದೆಯುವುದೂ ಇಲ್ಲ. ನೂಕಿಕೊಂಡು ಓಡಬೇಕು, ಅದು ಗುರ್ ಅಂದಾಗ ಹಾರಿ ಕೂರಬೇಕು. ಒಂದು ಭಾನುವಾರದ ಮಧ್ಯಾಹ್ನ ಊರಾಚೆಯ ಖಾಲಿ ಬಯಲಿಗೆ ತಳ್ಳಿಕೊಂಡು ಹೋದೆವು. ನಸೀಮಾ ನೂಕಿದಳು, ನಾನು ಕೂತೆ. ಗುರ್ ಅಂದಿತು, ಹೊರಟಿತು. ನನ್ನ ಎರಡೂ ಪಾದ ನೆಲಕ್ಕೆ ತಾಗುವಂಥ ಗಾಡಿಯ ಮೇಲೆ ನಾನು ಹೋಗುತ್ತಿದ್ದೆ. ಗಾಳಿ ಕಿವಿಗೆ ಬಡಿಯಿತು. ಒಂದು ಸುತ್ತು ಹೊಡೆದು ನಿಲ್ಲಿಸೋಣವೆಂದು ಎಕ್ಸಲೇಟರು ತಿರುಗಿಸಿದರೆ ಅದು ಹಿಂದಕ್ಕೆ ಬರಲಿಲ್ಲ. ವೈರು ಒಳಗೆಲ್ಲೋ ಸಿಕ್ಕಿಕೊಂಡಿತ್ತು. ಬ್ರೇಕು ಇತ್ತು, ಇಂಜಿನ್ನಿಗಿಂತ ಮೆತ್ತಗಿತ್ತು. ಇಂಜಿನ್ನು ಆರಿಸಲು ಸ್ವಿಚ್ಚೊಂದು ಬೇಕಾಗುತ್ತದೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಬಯಲು ದುಂಡಗಿತ್ತು, ನಾನೂ ದುಂಡಗೆ ಹೋದೆ. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ದನ ಮೇಯಿಸುವವರು ಬಂದರು, ಕ್ರಿಕೆಟ್ ಆಡುತ್ತಿದ್ದವರು ಬಂದರು. ಟೀಚರಮ್ಮ ಎಷ್ಟು ಧೈರ್ಯವಾಗಿ ಓಡಿಸುತ್ತಾರೆ ಎಂದು ಯಾರೋ ಹೊಗಳಿದ್ದೂ ಕೇಳಿಸಿತು. ನಸೀಮಾ ದುಪಟ್ಟಾ ಸೊಂಟಕ್ಕೆ ಬಿಗಿದು ನನ್ನ ಪಕ್ಕದಲ್ಲೇ ಓಡುತ್ತಾ ಪ್ಲಗ್ಗಿನ ಟೋಪಿ ಕೀಳಲು ನೋಡಿದಳು. ಕೈ ಹಾಕಿದಳು, ಶಾಕ್ ಹೊಡೆಸಿಕೊಂಡಳು, ಮತ್ತೆ ಓಡಿದಳು. ಕೊನೆಗೆ ನಾನೇ ಒಂದು ನಿರ್ಧಾರ ಮಾಡಿ, ಅಂಚಿನಲ್ಲಿ ಒಟ್ಟಿದ್ದ ಹಿಪ್ಪುನೇರಳೆ ಕಡ್ಡಿಯ ರಾಶಿಗೆ ಗಾಡಿ ನುಗ್ಗಿಸಿದೆ. ರಾಶಿ ಬಿತ್ತು, ನಾನು ಬಿದ್ದೆ, ಗಾಡಿ ಕಡ್ಡಿಯೊಳಗೆ ಹೂತು ನಿಂತಿತು. ಕೈಕಾಲು ತರಚಿತು, ಮುರಿಯಲಿಲ್ಲ. ಎದ್ದು ಸೀರೆ ಕೊಡವಿಕೊಂಡು ನೋಡಿದರೆ ಜನರ ಹಿಂದೆ ರಹಮತ್ ಸಾಹೇಬರು ನಿಂತಿದ್ದರು.

ಮನೆಗೆ ಬಂದ ಮೇಲೆ ಅವರು ಚಿಕ್ಕಮ್ಮನ ಜಗಲಿಯಲ್ಲಿ ಕೂತು, ನೀರು ಕುಡಿದು, ಮೆಲ್ಲಗೆ ಹೇಳಿದರು.

"ನಗೋರು ನಗಲಿ ಬಿಡಮ್ಮ, ಅದಕ್ಕಲ್ಲ. ನೀನು ಇನ್ನೊಬ್ಬರ ಮನೆ ಮಗಳು. ಕತ್ತಿಗೆ ಏಟು ಬಿದ್ದಿದ್ರೆ ನಿಮ್ಮಪ್ಪಂಗೆ ನಾನೇನು ಹೇಳ್ಲಿ? ನಸೀಮಾನೂ ನಾಳೆ ಹಿಂಗೇ ಕೂರ್ತಾಳೆ. ಬೇಡ."

ಈ ವಾರ ಗುಜರಿಯವರು ಬಂದಾಗ ಕೊಟ್ಟುಬಿಡುತ್ತೇನೆ ಎಂದರು. ಗಾಡಿಯನ್ನು ಶೆಡ್ಡಿನ ಮೂಲೆಗೆ ತಳ್ಳಿ ಸರಪಳಿ ಹಾಕಿಸಿದರು. ಬೈದಿದ್ದರೆ ನಾನೂ ಬಾಯಿ ಮಾಡಬಹುದಿತ್ತು. ಅವರು ಬೈಯಲಿಲ್ಲ, ನನ್ನ ಮೊಣಕೈಗೆ ಹಚ್ಚಲು ಅರಿಶಿನ ತರುವಂತೆ ಚಿಕ್ಕಮ್ಮನಿಗೆ ಹೇಳಿ ಹೋದರು. ನಸೀಮಾ ಆ ದಿನ ಊಟ ಮಾಡಲಿಲ್ಲವಂತೆ. ಗಾಡಿ ಮಾಡಿದವಳು ಅವಳು. ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ.

ಅದೇ ವಾರ ಮಳೆ ಹಿಡಿಯಿತು. ನಮ್ಮ ಕಡೆ ಮೇ ತಿಂಗಳಲ್ಲಿ ಸುರಿದರೆ ಒಂದು ಗಂಟೆ ಸುರಿದು ಬಿಸಿಲು ಬರುತ್ತದೆ. ಆ ಸಲ ಕಡಲ ಕಡೆಯ ಮೋಡವಂತೆ, ಸಣ್ಣಗೆ ಬಿಡದೆ ಜಿನುಗಿತು. ಎರಡನೇ ದಿನ ಬೆಳಿಗ್ಗೆ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರು ಢಮ್ ಅಂದು ಹೋಯಿತು. ಲೈನ್‌ಮನ್ ಬಂದು ನೋಡಿ, ಇದು ಸುಟ್ಟಿದೆ, ಬೇರೆಯದು ಚಿಕ್ಕಬಳ್ಳಾಪುರದಿಂದ ಬರಬೇಕು, ಮಳೆ ಬಿಡಲಿ ಅಂದರು.

ಇದರ ಕಷ್ಟ ರೇಷ್ಮೆ ಊರಿನವರಿಗೆ ಹೇಳಬೇಕಿಲ್ಲ, ನಿಮಗೆ ಹೇಳಬೇಕು. ಗೂಡು ಕಾಯುವುದಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದರೆ ನೂಲು ಹೋಯಿತು. ಆವಿಯಲ್ಲಿ ಹುಳುವನ್ನು ಕೊಂದಿಟ್ಟರೂ ಇಂಥ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಸಾಹೇಬರ ಶೆಡ್ಡಿನಲ್ಲಿ ಹಿಂದಿನ ದಿನವಷ್ಟೇ ಕೊಂಡ ಗೂಡು ಸೊಂಟದೆತ್ತರಕ್ಕೆ ರಾಶಿ ಬಿದ್ದಿತ್ತು. ಕೈರಾಟೆಯವರಿಗೆ ತೊಂದರೆಯಿಲ್ಲ, ಇವರ ರಾಟೆಗಳೆಲ್ಲ ಒಂದೇ ಕಂಬಿಗೆ ಸೇರಿದವು. ಊರಿನಲ್ಲಿದ್ದ ಬಾಡಿಗೆ ಜನರೇಟರು ಆಗಲೇ ಬೇರೆಯವರ ಪಾಲಾಗಿತ್ತು. ಇಬ್ಬರು ಗಂಡಸರು ಕಂಬಿಯ ತುದಿಯಲ್ಲಿ ಮೋಟರಿನ ಬೆಲ್ಟು ಸುತ್ತುವ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಒಂದು ಸಲ ಜೋರು, ಒಂದು ಸಲ ನಿಧಾನ, ಎಳೆ ಪಟಪಟ ಕಡಿಯಿತು. ಸಾಹೇಬರು ಗೂಡಿನ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಅಷ್ಟು ಎತ್ತರದ ಮನುಷ್ಯ ಕೂತದ್ದನ್ನು ನಾನು ಅದುವರೆಗೆ ಗಮನವಿಟ್ಟು ನೋಡಿರಲಿಲ್ಲ. ಬಹಳ ವಯಸ್ಸಾದವರಂತೆ ಕಂಡರು.

ನಸೀಮಾ ನನ್ನ ಮುಖ ನೋಡಿದಳು. ನಾನು ಮೂಲೆಯ ಗಾಡಿ ನೋಡಿದೆ. ಅವಳೇ ಅಪ್ಪನ ಮುಂದೆ ಹೋಗಿ ನಿಂತಳು. ಮನೆಯಲ್ಲಿ ಅವರಾಡುವುದು ಉರ್ದು, ನನಗೆ ಪೂರ್ತಿ ತಿಳಿಯಲಿಲ್ಲ. ಮೋಟರು, ಬೆಲ್ಟು ಎಂಬ ಎರಡು ಮಾತು ತಿಳಿಯಿತು. ಸಾಹೇಬರು ಜುಬ್ಬಾದ ಜೇಬಿನಿಂದ ಸರಪಳಿಯ ಬೀಗದ ಕೈ ತೆಗೆದು ಕೊಟ್ಟರು.

ಗಾಡಿಯನ್ನು ಬಾಗಿಲಿಗೆ ತಂದೆವು, ಹೊಗೆ ಅಂಗಳಕ್ಕೆ ಹೋಗಲಿ ಎಂದು. ಇಟ್ಟಿಗೆಯ ಮೇಲೆ ಏರಿಸಿ, ಹಿಂದಿನ ಚಕ್ರದ ಟೈರು ಟ್ಯೂಬು ಬಿಚ್ಚಿ, ಬರೀ ರಿಮ್ಮಿಗೆ ಮೋಟರಿನ ಬೆಲ್ಟು ಹಾಕಿ, ಗಾಡಿಯನ್ನು ಕಂಬಕ್ಕೆ ಹಗ್ಗದಿಂದ ಬಿಗಿದೆವು. ನೂಕಲು ಆಗದ್ದರಿಂದ ಗಂಡಸರು ಕಂಬಿಯ ಗಾಲಿ ತಿರುಗಿಸಿದರು, ಬೆಲ್ಟು ಇಂಜಿನ್ನನ್ನು ಎಬ್ಬಿಸಬೇಕು. ಮೊದಲ ಸಲಕ್ಕೆ ಕೆಮ್ಮಿತು, ಎರಡನೇ ಸಲಕ್ಕೆ ಎದ್ದಿತು. ಎದ್ದಿತು, ಆದರೆ ರಾಟೆಗಳು ಉಲ್ಟಾ ತಿರುಗಿದವು. ತೊಟ್ಟಿಯ ಮುಂದಿದ್ದ ಹೆಂಗಸರೆಲ್ಲ ನಕ್ಕರು. ಇಲ್ಲಿ ನನ್ನ ಬಿ.ಎಸ್ಸಿ.ಯ ಮಾನ ಉಳಿಯಿತು ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ: ಬೆಲ್ಟನ್ನು ಇಂಗ್ಲಿಷ್ ಎಂಟರ ಆಕಾರಕ್ಕೆ ತಿರುವಿ ಹಾಕಿಸಿದೆ. ಈ ಸಲ ರಾಟೆಗಳು ಸರಿಯಾದ ದಿಕ್ಕಿಗೆ ತಿರುಗಿದವು.

ಆಮೇಲಿನ ಕೆಲಸ ನನ್ನದಲ್ಲ, ನಸೀಮಾಳದು. ನಾನು ಎಕ್ಸಲೇಟರು ಹಿಡಿದಾಗ ನೂಲು ಕಡಿಯಿತು. ಅವಳು ಗಾಡಿಯ ಪಕ್ಕ ಸ್ಟೂಲು ಹಾಕಿ ಕೂತು, ಕಣ್ಣು ಮುಚ್ಚಿ, ರಾಟೆಯ ಸದ್ದು ಕೇಳುತ್ತಾ ಕೂದಲೆಳೆಯಷ್ಟು ತಿರುಗಿಸಿದಳು. ಸದ್ದು ಒಂದೇ ಸಮ ಆಯಿತು. ಹೆಂಗಸರು ಎಳೆ ಹಿಡಿದರು. ಮಾತು ನಿಂತಿತು, ಕೆಲಸ ಶುರುವಾಯಿತು.

ಓಡದ ಗಾಡಿಗೆ ಗಾಳಿ ತಾಗುವುದಿಲ್ಲ, ಇಂಜಿನ್ನು ಕಾದು ಕೆಂಡವಾಯಿತು. ಯಾರೋ ಕೊಡದಲ್ಲಿ ನೀರು ತಂದರು. ಕಾದ ಲೋಹ ಸೀಳುತ್ತದೆಂದು ನಾನು ಅಡ್ಡ ನಿಂತೆ. ಆಗ ನಮ್ಮ ಚಿಕ್ಕಮ್ಮ, ಇಡ್ಲಿ ತಟ್ಟೆಯ ಕೋಪ ಇನ್ನೂ ಬಿಡದಿದ್ದ ಚಿಕ್ಕಮ್ಮ, ಮನೆಯಿಂದ ಮೊರ ತಂದು ಇಂಜಿನ್ನಿನ ಮುಂದೆ ಕೂತು ಬೀಸತೊಡಗಿದರು.

"ನಿಮ್ಮ ಚಿಕ್ಕಪ್ಪಂಗೂ ಇಷ್ಟು ಬೀಸಿರ್ಲಿಲ್ಲ ಕಣೇ," ಅಂದರು ನನಗೆ. ಬೀಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಊಟದ ಹೊತ್ತಿಗೊಮ್ಮೆ, ಮಧ್ಯೆ ಮಧ್ಯೆ ಒಮ್ಮೊಮ್ಮೆ ಇಂಜಿನ್ನಿಗೆ ಬಿಡುವು ಕೊಟ್ಟು, ಪ್ಲಗ್ ಒರೆಸಿ, ಮತ್ತೆ ಎಬ್ಬಿಸಿ, ಕರೆಂಟು ಬರುವವರೆಗೂ ಹಗಲೆಲ್ಲ ನಡೆಸಿದೆವು. ಗೂಡಿನ ರಾಶಿ ಸೊಂಟದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹಿಮ್ಮಡಿಗೆ ಇಳಿಯಿತು. ಮೂಲೆಯ ಸ್ವಲ್ಪಕ್ಕೆ ಬೂಷ್ಟು ಹಿಡಿದದ್ದು ಬಿಟ್ಟರೆ ಉಳಿದದ್ದೆಲ್ಲ ನೂಲಾಯಿತು.

ಇನ್ನೇನು, ಸಾಹೇಬರ ಮನಸ್ಸು ಕರಗಿ ಗಾಡಿ ನನ್ನ ಕೈಗೆ ಬಂತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಶಾಲೆ ಶುರುವಾಗುವ ಹಿಂದಿನ ಸಂಜೆ ಅವರ ಮನೆಗೆ ಹೋದೆ. ಟೀ ಕೊಟ್ಟರು, ಗಾಡಿಯನ್ನು ಹೊಗಳಿದರು, ಗುಜರಿಗೆ ಕೊಡುವ ಮಾತೇ ಇಲ್ಲ ಎಂದರು. ಆದರೆ ಅದನ್ನು ಹೊರಗೆ ಕಳಿಸಲು ಮಾತ್ರ ಮನಸ್ಸಿಲ್ಲ. ಮಳೆಗಾಲ ಈಗ ತಾನೇ ಶುರು, ಕರೆಂಟು ಯಾವಾಗ ಬೇಕಾದರೂ ಹೋಗುತ್ತದೆ, ಅದು ಶೆಡ್ಡಿನಲ್ಲೇ ಇರಲಿ ಅನ್ನುತ್ತಾರೆ. ಬೇಡವಾಗಿದ್ದಾಗಲೂ ಗಾಡಿ ನನಗಿಲ್ಲ, ಬೇಕಾದಾಗಲೂ ಗಾಡಿ ನನಗಿಲ್ಲ. ಮಾರನೆಯ ದಿನದ ಬಸ್ಸು, ಕ್ರಾಸು, ಹೆಡ್ಮಾಸ್ತರ ಮುಖ ಎಲ್ಲ ಕಣ್ಣ ಮುಂದೆ ಬಂತು.

ನಸೀಮಾ ಟೀ ಲೋಟ ಎತ್ತಿಕೊಂಡು ಹೋಗಲು ಬಂದವಳು ಅಲ್ಲೇ ನಿಂತಳು. ಈ ಸಲ ನನಗೂ ತಿಳಿಯಲೆಂದು ಕನ್ನಡದಲ್ಲೇ ಮಾತಾಡಿದಳು.

"ಗಾಡಿ ಇಲ್ಲೇ ಇರಲಿ ಅಬ್ಬಾ. ಬೆಳಿಗ್ಗೆ ನಾನು ಅಕ್ಕನ್ನ ಬಿಟ್ಟು ವಾಪಸ್ ತರ್ತೀನಿ. ಸಾಯಂಕಾಲ ಹೋಗಿ ಕರ್ಕೊಂಡು ಬರ್ತೀನಿ. ಮಧ್ಯೆ ಕರೆಂಟ್ ಹೋದ್ರೆ ಗಾಡಿ ಇರುತ್ತೆ, ನಾನೂ ಇರ್ತೀನಿ. ನಾನಿಲ್ದೆ ಗಾಡಿ ಇಟ್ಕೊಂಡು ಏನು ಮಾಡ್ತೀರಾ?"

ಸಾಹೇಬರು ಮಗಳನ್ನು ನೋಡಿದರು. ಹರಾಜಿನಲ್ಲಿ ಎದುರಿನವರ ಬೆಲೆ ಕೇಳಿ ಅಳೆಯುವಾಗ ಹೀಗೇ ನೋಡುತ್ತಿದ್ದರೋ ಏನೋ. ಆಮೇಲೆ ನನ್ನ ಕಡೆ ತಿರುಗಿದರು.

"ಆರಿಸೋ ಸ್ವಿಚ್ಚು ಹಾಕಿದ್ದೀರಾ?"

ಹಾಕಿದ್ದೆವು. ಬೀರುವಿನಲ್ಲಿ ಬಿದ್ದಿದ್ದ ಕಾಲಿಂಗ್ ಬೆಲ್ಲಿನ ಸ್ವಿಚ್ಚನ್ನು ಹ್ಯಾಂಡಲ್ಲಿಗೆ ಕಟ್ಟಿದ್ದೆವು. ಅವರು ಎದ್ದು ಬಂದು, ಗಾಡಿ ಎಬ್ಬಿಸಿ, ತಾವೇ ಬೆಲ್ಲು ಒತ್ತಿ ನೋಡಿದರು. ಇಂಜಿನ್ನು ನಿಂತಿತು. ಮತ್ತೆ ಎಬ್ಬಿಸಿ ಮತ್ತೆ ಒತ್ತಿದರು. ಎಕ್ಸಲೇಟರನ್ನು ಪೂರ್ತಿ ತಿರುಗಿಸಿ ಬಿಟ್ಟು, ತಾನಾಗಿ ಹಿಂದಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸಿದರು.

"ನಿಧಾನ," ಅಂದರು. ಮಗಳಿಗೋ ನನಗೋ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಸಾಹೇಬರೇ ಗಾಡಿಯನ್ನು ಬೀದಿಗೆ ತಳ್ಳಿಕೊಂಡು ಬಂದರು. ಕರೆಂಟು ಬಂದ ಮೇಲೆ ಟೈರು ಮತ್ತೆ ಹಾಕಿ, ಒಂದು ವಾರ ಸುಮ್ಮನೆ ಶೆಡ್ಡಿನ ಅಂಗಳದಲ್ಲೇ ಸುತ್ತು ಹೊಡೆದು ನಸೀಮಾ ಓಡಿಸಲು ಕಲಿತಿದ್ದಳು. ಅವಳು ಮುಂದೆ ಕೂತಳು, ಮೊಣಕಾಲು ಎರಡೂ ಕಿವಿಯ ಹತ್ತಿರ ಬಂದವು. ನಾನು ಹಿಂದೆ ಕೂತೆ. ಸಾಹೇಬರು ನೂಕಿದರು. ಗೂಡಿನ ಮಾರುಕಟ್ಟೆಯ ಕಡೆಯಿಂದ ಬರುತ್ತಿದ್ದವರು ನಿಂತು ನೋಡಿದರು. ಒಬ್ಬರು ಸಾಹೇಬರನ್ನು ಇದೇನು ಹೋಗುತ್ತಿರುವುದು ಎಂದು ಕೇಳಿದರಂತೆ. ನಮ್ಮ ಕಾರ್ಖಾನೆಯ ಮೋಟರು, ಟೀಚರಮ್ಮನನ್ನು ಬಿಟ್ಟು ಬರಲು ಹೋಗುತ್ತಿದೆ ಎಂದು ಅವರು ಹೇಳಿದ್ದನ್ನು ಚಿಕ್ಕಮ್ಮ ಎಷ್ಟೋ ವರ್ಷ ಎಲ್ಲರಿಗೂ ಹೇಳುತ್ತಿದ್ದರು.

ಗಾಡಿ ಊರು ದಾಟಿತು. ಮಳೆಗೆ ತೊಳೆದ ಹಿಪ್ಪುನೇರಳೆ ತೋಟಗಳು ಎರಡೂ ಕಡೆ. ಏರಿನಲ್ಲಿ ನಾನು ಇಳಿದು ನಡೆದೆ, ಇಳಿಜಾರಿನಲ್ಲಿ ಮತ್ತೆ ಹತ್ತಿದೆ. ಬಸ್ಸು ನಮ್ಮನ್ನು ದಾಟಿಹೋಯಿತು, ಕಿಟಕಿಯಿಂದ ಜನ ಇಣುಕಿದರು, ನಸೀಮಾ ಆ ಕಡೆ ತಿರುಗಲೂ ಇಲ್ಲ. ಕ್ರಾಸು ಬಂತು. ಅಲ್ಲಿಂದ ಶಾಲೆಗೆ ಎಡಕ್ಕೆ ಹೋಗಬೇಕು.

ಎಡಕ್ಕೆ ಎಂದೆ.

"ಗೊತ್ತು ಅಕ್ಕಾ," ಅಂದಳು.

ತಿರುಗಲಿಲ್ಲ. ರಸ್ತೆ ನೇರವಾಗಿ ಕೆರೆಯ ಏರಿಯ ಮೇಲೆ ಹೋಗುತ್ತಿತ್ತು. ಗಾಡಿ ಅದರ ಮೇಲೆ ಹತ್ತಿತು, ಕೆರೆಯ ಕಡೆಯ ಗಾಳಿಗೆ ಅವಳ ದುಪಟ್ಟಾ ನನ್ನ ಮುಖಕ್ಕೆ ಬಡಿಯಿತು. ಶಾಲೆಯ ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ದುಪಟ್ಟಾದ ಅಂಚನ್ನು ಕೈಯಲ್ಲಿ ಹಿಡಿದುಕೊಂಡು ನಾನು ಸುಮ್ಮನೆ ಕೂತೆ.